ಸಂಜೆ ಆರೂ ಹತ್ತಕ್ಕೆ ಬೀಳುತ್ತಿದ್ದ ಸರ್ವರ್: ಒಂದು ಪ್ರಕರಣ ಅಧ್ಯಯನ

ಇದು ಮಲೆನಾಡಿನ ಒಂದು ತಾಲ್ಲೂಕು ಊರಿನ ಪತ್ತಿನ ಸಹಕಾರ ಸಂಘದಲ್ಲಿ ನಡೆದದ್ದು. ಸಂಘದ ಹೆಸರು, ಊರಿನ ಹೆಸರು ಬರೆಯುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಯಾವ ಹೊತ್ತಿನಲ್ಲಿ ಯಾವ ತೀರ್ಮಾನ ತೆಗೆದುಕೊಂಡೆವು, ಎಲ್ಲಿ ದಾರಿ ತಪ್ಪಿದೆವು ಅನ್ನುವುದನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ. ಸಣ್ಣ ಸಂಸ್ಥೆಗಳಲ್ಲಿ ಒಂದೇ ಪೆಟ್ಟಿಗೆಯ ಮೇಲೆ ನಾಲ್ಕೈದು ವಿಎಂ (ವರ್ಚುವಲ್ ಮೆಷಿನ್, ಅಂದರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಓಡಿಸುವವರು ಈಗ ಬಹಳ ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಒಂದು ರಾತ್ರಿಯ ನಿದ್ದೆ ಉಳಿದರೆ ನನಗೆ ಸಂತೋಷ.

ಪೆಟ್ಟಿಗೆ ಒಂದು, ಸರ್ವರ್ ಐದು

ಸಂಘದಲ್ಲಿ ಇದ್ದದ್ದು ಒಂದೇ ಸರ್ವರ್. 64 ಜಿಬಿ ಮೆಮೊರಿ. ಅದರ ಮೇಲೆ ಪ್ರಾಕ್ಸ್‌ಮಾಕ್ಸ್. ಅಂದರೆ ಡೆಬಿಯನ್ ಲಿನಕ್ಸ್, ಅದರೊಳಗೆ ವಿಎಂಗಳನ್ನು ಓಡಿಸುವ ಕೆವಿಎಂ. ಎರಡು ಎಸ್‌ಎಸ್‌ಡಿಗಳನ್ನು ಜೋಡಿ ಮಾಡಿ ಝೆಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಹಾಕಿದ್ದರು. ಆಮೇಲೆ ಜಾಗ ಸಾಲದೆ ಇನ್ನೊಂದು 1 ಟಿಬಿ ಎಸ್‌ಎಸ್‌ಡಿ ಸೇರಿಸಿ, ಅದರಲ್ಲಿ ಎಲ್‌ವಿಎಂ ಥಿನ್ ಪೂಲ್ (ವಿಎಂಗಳು ಬರೆದಷ್ಟೇ ಜಾಗ ಕೊಡುವ ಡಿಸ್ಕ್ ವ್ಯವಸ್ಥೆ) ಮಾಡಿದ್ದರು.

ಇದರ ಮೇಲೆ ಲೆಕ್ಕಪತ್ರದ ಡೇಟಾಬೇಸ್‌ಗೆ ಒಂದು ಲಿನಕ್ಸ್ ವಿಎಂ ಇತ್ತು, ಅದಕ್ಕೆ 16 ಜಿಬಿ. ಸಿಬ್ಬಂದಿಯೆಲ್ಲ ರಿಮೋಟ್ ಆಗಿ ಲಾಗಿನ್ ಆಗುವ ವಿಂಡೋಸ್ ಸರ್ವರ್‌ಗೆ 20. ಸ್ಕ್ಯಾನ್ ಮಾಡಿದ ಸಾಲದ ಪತ್ರಗಳನ್ನು ಇಡುವ ಫೈಲ್ ಸರ್ವರ್‌ಗೆ 4, ಚಿಲ್ಲರೆ ಕೆಲಸಗಳಿಗೆ ಒಂದು 2 ಜಿಬಿಯದು. ಮೇ ತಿಂಗಳಲ್ಲಿ ಐದನೆಯದು ಬಂತು: ಪಿಗ್ಮಿ ವಿಎಂ, 6 ಜಿಬಿ.

ಪಿಗ್ಮಿ ಅಂದರೆ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. 1928ರಲ್ಲಿ ಉಡುಪಿ ಕಡೆ ಶುರುವಾದ ದಿನದ ಉಳಿತಾಯ ಇವತ್ತಿಗೂ ಇಂಥ ಸಂಘಗಳ ಜೀವಾಳ. ಏಜೆಂಟರು ದಿನವಿಡೀ ಅಂಗಡಿ ಅಂಗಡಿ ಸುತ್ತಿ, ಸಂಜೆ ಕೈಯಲ್ಲಿನ ಮೆಷಿನ್ ತಂದು ಲೆಕ್ಕ ಇಳಿಸುತ್ತಾರೆ. ಎಲ್ಲರೂ ಬರುವುದು ಆರು ಗಂಟೆಯ ಹೊತ್ತಿಗೆ. ಈ ಹೊತ್ತು ಮುಂದೆ ಮುಖ್ಯವಾಗುತ್ತದೆ.

ಮೇ ತಿಂಗಳಲ್ಲೇ ಇನ್ನೊಂದು ಬದಲಾವಣೆ ಆಯಿತು. ಮೊದಲು ಬ್ಯಾಕಪ್ ವಾರಕ್ಕೊಮ್ಮೆ ಇತ್ತು. ದಿನಾ ಬೇಕು ಅಂತ ತೀರ್ಮಾನ ಮಾಡಿ, ನಗದು ವ್ಯವಹಾರ ಮುಗಿದ ಮೇಲೆ ಅಂತ ಸಂಜೆ 5:45ಕ್ಕೆ ಇಟ್ಟರು. ದಿನಾ ಬ್ಯಾಕಪ್ ಬೇಕು ಅಂದದ್ದು ಒಳ್ಳೆಯ ತೀರ್ಮಾನವೇ. ಆ ಹೊತ್ತು ಮಾತ್ರ ಸರಿ ಇರಲಿಲ್ಲ. ಅದು ಯಾರಿಗೂ ಹೊಳೆಯಲಿಲ್ಲ.

ಜೂನ್: ಕರೆಂಟಿನ ಮೇಲೆ ಅನುಮಾನ

ಜೂನ್ ಮೊದಲ ವಾರದ ಒಂದು ಸಂಜೆ ವಿಂಡೋಸ್ ಸರ್ವರ್ ಇದ್ದಕ್ಕಿದ್ದ ಹಾಗೆ ಹೋಯಿತು. ಎಲ್ಲರ ಪರದೆಯೂ ಒಮ್ಮೆಲೇ ನಿಂತು, ಸಂಪರ್ಕ ಕಡಿಯಿತು. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಪ್ರಾಕ್ಸ್‌ಮಾಕ್ಸ್ ತೆರೆದು ನೋಡಿದ. 101ನೇ ನಂಬರಿನ ವಿಎಂ ನಿಂತಿತ್ತು. ಸ್ಟಾರ್ಟ್ ಒತ್ತಿದ, ಎದ್ದು ಬಂತು. ಮರುದಿನ ಎಲ್ಲರೂ ಮರೆತರು. ಮುಂದಿನ ವಾರ ಮತ್ತೆ. ಅದರ ಮುಂದಿನ ವಾರ ಮತ್ತೆ.

ವಿಂಡೋಸ್ ಒಳಗಿನ ಈವೆಂಟ್ ಲಾಗ್‌ನಲ್ಲಿ ಎರಡು ನಮೂದು ಸಿಕ್ಕವು. ಒಂದು 6008, ಹಿಂದಿನ ಶಟ್‌ಡೌನ್ ಅನಿರೀಕ್ಷಿತ ಅಂತ. ಇನ್ನೊಂದು 41, ಅದರ ಮೂಲ ಕರ್ನಲ್-ಪವರ್. ಈ ಪವರ್ ಅನ್ನುವ ಪದವೇ ಎಲ್ಲರನ್ನೂ ದಾರಿ ತಪ್ಪಿಸಿತು. ಜೂನ್ ತಿಂಗಳು, ಮಲೆನಾಡು, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುತ್ತದೆ. ಲಾಗ್ ಬೇರೆ ಪವರ್ ಅನ್ನುತ್ತಿದೆ. ಇನ್ನೇನು ಬೇಕು? ಯುಪಿಎಸ್‌ನ ಬ್ಯಾಟರಿಗಳನ್ನೆಲ್ಲ ಹೊಸದು ಹಾಕಿಸಿದರು. ಅರ್ಥಿಂಗ್ ನೋಡಿಸಿದರು. ಗುಂಡಿಗೆ ಉಪ್ಪು ಇದ್ದಿಲು ತುಂಬಿಸಿ ನೀರು ಹಾಕಿಸಿದರು.

ಆ ಹೊತ್ತಿನಲ್ಲಿ ಯಾರಾದರೂ ಒಂದು ಪ್ರಶ್ನೆ ಕೇಳಬೇಕಿತ್ತು. ಕರೆಂಟ್ ಹೋಗಿದ್ದರೆ ಪೆಟ್ಟಿಗೆಯೇ ಆಫ್ ಆಗಬೇಕಿತ್ತು, ಐದೂ ವಿಎಂ ಒಟ್ಟಿಗೆ ಬೀಳಬೇಕಿತ್ತು, ಅಲ್ವಾ? ಇಲ್ಲಿ ಬಿದ್ದದ್ದು ಒಂದೇ. ಪಕ್ಕದ ನಾಲ್ಕಕ್ಕೆ ಸುದ್ದಿಯೇ ಗೊತ್ತಿರಲಿಲ್ಲ.

ಆದರೆ ಬಿದ್ದ ವಿಎಂ ಒಳಗೆ ಕೂತು ನೋಡಿದರೆ ಈ ಪ್ರಶ್ನೆ ಏಳುವುದೇ ಇಲ್ಲ. ವಿಂಡೋಸ್‌ಗೆ ತಾನು ವಿಎಂ ಒಳಗಿದ್ದೇನೆ ಅನ್ನುವುದು ಅಷ್ಟಾಗಿ ಲೆಕ್ಕಕ್ಕಿಲ್ಲ. ಹೊರಗಿನಿಂದ ಯಾರೋ ಅದರ ಪ್ರೋಸೆಸ್ಸನ್ನೇ, ಅಂದರೆ ಪೆಟ್ಟಿಗೆಯಲ್ಲಿ ಓಡುತ್ತಿರುವ ಅದರ ಪ್ರೋಗ್ರಾಮನ್ನೇ, ಕೊಂದರೆ, ಒಳಗಿನಿಂದ ಅದು ಥೇಟ್ ಪ್ಲಗ್ ಕಿತ್ತ ಹಾಗೆ ಕಾಣುತ್ತದೆ. ಬರೆಯಲು ಸಮಯವೇ ಸಿಗುವುದಿಲ್ಲ. ಮತ್ತೆ ಎದ್ದಾಗ, ಹಿಂದಿನ ಸಲ ಸರಿಯಾಗಿ ಮಲಗಲಿಲ್ಲ ಅಂತಷ್ಟೇ ಬರೆದುಕೊಳ್ಳುತ್ತದೆ. 41 ಅಂದರೆ ಅಷ್ಟೇ ಅರ್ಥ. ಆ ನಮೂದಿನ ವಿವರ ತೆರೆದರೆ ಬಗ್‌ಚೆಕ್ ಕೋಡ್ ಅಂತ ಒಂದು ಸಾಲು ಇರುತ್ತದೆ. ಇಲ್ಲಿ ಅದು 0 ಇತ್ತು. ನೀಲಿ ಪರದೆ ಬಂದು ಬಿದ್ದಿದ್ದರೆ ಸಾಮಾನ್ಯವಾಗಿ ಅಲ್ಲಿ ಬೇರೆ ಅಂಕಿ ಇರುತ್ತದೆ. 0 ಅಂದರೆ ಏಟು ಹೊರಗಿನಿಂದ ಬಂದಿರಬಹುದು. ಆ ಒಂದು ಅಂಕಿಯನ್ನು ಜೂನ್‌ನಲ್ಲೇ ಓದಿದ್ದರೆ ಎರಡು ತಿಂಗಳ ಪಾಡು ತಪ್ಪುತ್ತಿತ್ತು.

ಜುಲೈ: ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಬಿತ್ತು

ಬ್ಯಾಟರಿ ಬದಲಿಸಿದರೂ ನಿಲ್ಲಲಿಲ್ಲ. ಅಪ್ಲಿಕೇಶನ್ ಕೊಟ್ಟ ಕಂಪನಿಯವರು ರಿಮೋಟ್‌ನಲ್ಲಿ ಬಂದು ನೋಡಿದರು. ಅಪ್‌ಡೇಟ್ ಹಾಕಿದರು, ಆಂಟಿವೈರಸ್ ತೆಗೆದು ಮತ್ತೆ ಹಾಕಿದರು. ಕೊನೆಗೆ ಸಿಸ್ಟಮ್‌ಗೆ ಮೆಮೊರಿ ಸಾಲುತ್ತಿಲ್ಲ ಅಂದರು. ಆ ಮಾತಿನಲ್ಲಿ ಅರ್ಧ ಸತ್ಯ ಇತ್ತು, ಮೆಮೊರಿ ನಿಜವಾಗಿಯೂ ಸಾಲುತ್ತಿರಲಿಲ್ಲ. ಸಾಲದಿದ್ದದ್ದು ಹೋಸ್ಟ್‌ಗೆ, ಅಂದರೆ ವಿಎಂಗಳನ್ನೆಲ್ಲ ಹೊತ್ತ ಪೆಟ್ಟಿಗೆಗೆ. ವಿಂಡೋಸ್ ಒಳಗೆ ಅದು ಧಾರಾಳವಾಗಿತ್ತು.

ಅವರ ಮಾತು ಕೇಳಿ ವಿಂಡೋಸ್ ವಿಎಂನ ಮೆಮೊರಿಯನ್ನು 20ರಿಂದ 28 ಜಿಬಿಗೆ ಏರಿಸಿದರು. ಆಮೇಲೆ ವಾರಕ್ಕೊಮ್ಮೆ ಬೀಳುತ್ತಿದ್ದದ್ದು ದಿನ ಬಿಟ್ಟು ದಿನ ಬೀಳತೊಡಗಿತು.

ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಘಟ್ಟ ಇದು. ಒಂದು ಮದ್ದು ಕೊಟ್ಟ ಮೇಲೆ ರೋಗ ಜಾಸ್ತಿಯಾದರೆ ಅದೊಂದು ದೊಡ್ಡ ಸುಳಿವು. ಆದರೆ ಆ ಹೊತ್ತಿನಲ್ಲಿ ಎಲ್ಲರೂ ಸುಸ್ತಾಗಿದ್ದರು. ಮೆಮೊರಿ ಕೊಟ್ಟರೂ ಹೀಗೆ, ಹಾಗಾದರೆ ಮೆಮೊರಿಯ ವಿಷಯ ಅಲ್ಲ ಅಂತ ಆ ಬಾಗಿಲನ್ನೇ ಮುಚ್ಚಿಬಿಟ್ಟರು. ಮುಂದಿನ ಅನುಮಾನ ರ್‍ಯಾಮ್ ಕಡ್ಡಿಯ ಮೇಲೆ. ಒಂದು ಭಾನುವಾರ ಸರ್ವರ್ ನಿಲ್ಲಿಸಿ ಬೆಳಗಿನಿಂದ ರಾತ್ರಿಯವರೆಗೆ ಮೆಮ್‌ಟೆಸ್ಟ್ ಓಡಿಸಿದರು. ಒಂದೂ ತಪ್ಪು ಬರಲಿಲ್ಲ.

ಇನ್ನೊಂದು ಸಂಗತಿಯೂ ದಾರಿ ತಪ್ಪಿಸುತ್ತಿತ್ತು. ಹೋಸ್ಟನ್ನೇ ರೀಸ್ಟಾರ್ಟ್ ಮಾಡಿದರೆ ಎರಡು ಮೂರು ದಿನ ಎಲ್ಲ ಸರಿ ಇರುತ್ತಿತ್ತು. ಹಾಗಾಗಿ ಏನು ಮಾಡಿದರೂ ಮೊದಲೆರಡು ದಿನ ವಾಸಿಯಾಯಿತು ಅನಿಸುತ್ತಿತ್ತು. ಬ್ಯಾಟರಿ ಬದಲಿಸುವಾಗಲೂ ಸರ್ವರ್ ಆಫ್ ಮಾಡಿದ್ದರು. ಮೆಮ್‌ಟೆಸ್ಟ್‌ಗೂ ಆಫ್ ಮಾಡಿದ್ದರು. ಪ್ರತಿ ಸಲವೂ ಗುಣ ಕೊಟ್ಟದ್ದು ಆ ರೀಸ್ಟಾರ್ಟ್.

ರಿಜಿಸ್ಟರ್ ಮತ್ತು ಲಕೋಟೆ

ಜುಲೈ ಕೊನೆಗೆ ನನ್ನನ್ನು ಕರೆದರು. ಮ್ಯಾನೇಜರ್ ಮೇಡಂ ಮೊದಲು ಹೇಳಿದ್ದು ಇಷ್ಟು: "ಸಾರ್, ಪಿಗ್ಮಿಯವರು ಸಂಜೆ ಎಂಟರವರೆಗೂ ಕಾಯುತ್ತಾ ಕೂತಿರುತ್ತಾರೆ. ಅವರ ಮುಖ ನೋಡಲಾಗುತ್ತಿಲ್ಲ. ಹೊಸ ಸರ್ವರ್ ಬೇಕು ಅಂದರೆ ಬೋರ್ಡಿಗೆ ಇಡುತ್ತೇನೆ, ಹೇಳಿ."

ಹೊಸ ಸರ್ವರ್ ಮಾತು ಆಮೇಲೆ ನೋಡೋಣ, ಮೊದಲು ಒಂದು ಉದ್ದ ರಿಜಿಸ್ಟರ್ ಕೊಡಿ ಅಂದೆ. ಸಹಕಾರ ಸಂಘದಲ್ಲಿ ರಿಜಿಸ್ಟರ್‌ಗೆ ಬರವೇ? ಕೆಂಪು ಬೈಂಡಿನದು ಒಂದು ಬಂತು. ಹುಡುಗನನ್ನು ಕೂರಿಸಿಕೊಂಡು ನಾಲ್ಕು ಕಾಲಂ ಎಳೆದೆವು. ಎಷ್ಟು ಹೊತ್ತಿಗೆ ಬಿತ್ತು, ಯಾವ ನಂಬರಿನ ವಿಎಂ, ಬಿದ್ದಾಗ ಪರದೆಯಲ್ಲಿ ಅದರ ಸ್ಥಿತಿ ಏನಂತ ತೋರಿಸುತ್ತಿತ್ತು, ಆಮೇಲೆ ಏನು ಮಾಡಿದೆ.

"ನೋಡಪ್ಪ, ಬಿದ್ದ ಕೂಡಲೇ ಸ್ಟಾರ್ಟ್ ಒತ್ತಬೇಡ. ಎರಡು ನಿಮಿಷ ಹೋದರೂ ಪರವಾಗಿಲ್ಲ. ಮೊದಲು ಮೂರನೇ ಕಾಲಂ ಬರಿ" ಅಂದೆ.

ವಿಎಂ ಹೋಯಿತು ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಅಡಗಿರುತ್ತವೆ. ಹಾಗಾಗಿ ಆ ಮೂರನೇ ಕಾಲಂ ಬೇಕಿತ್ತು. ಪೂರ್ತಿ ನಿಂತಿದ್ದರೆ ಅದರ ಪ್ರೋಸೆಸ್ಸೇ ಹೋಸ್ಟ್‌ನಲ್ಲಿ ಇಲ್ಲ ಅಂತ ಅರ್ಥ. ಯಾರೋ ಕೊಂದಿರಬೇಕು, ಇಲ್ಲವೇ ಅದೇ ಕುಸಿದಿರಬೇಕು. ಪಾಝ್ ಆಗಿ (ತಾತ್ಕಾಲಿಕವಾಗಿ ತಡೆದು) ನಿಂತಿದ್ದರೆ ಪ್ರೋಸೆಸ್ ಬದುಕಿದೆ, ಆದರೆ ಮುಂದೆ ಹೋಗಲಾಗದೆ ಉಸಿರು ಹಿಡಿದಿದೆ. ಸಾಮಾನ್ಯವಾಗಿ ಡಿಸ್ಕಿನ ತೊಂದರೆ. ಹೋಸ್ಟ್‌ನಲ್ಲಿ ಆರಾಮಾಗಿ ಓಡುತ್ತಾ ಒಳಗೆ ಮಾತ್ರ ರೀಬೂಟ್ ಆಗಿದ್ದರೆ ತೊಂದರೆ ಗೆಸ್ಟ್ (ಅಂದರೆ ಆ ವಿಎಂ) ಒಳಗಿನದೇ ಇರಬಹುದು. ಸ್ಟಾರ್ಟ್ ಒತ್ತಿದ ಮರುಕ್ಷಣ ಈ ಮೂರರ ವ್ಯತ್ಯಾಸ ಅಳಿಸಿಹೋಗುತ್ತದೆ. ಎರಡು ತಿಂಗಳು ಪ್ರತಿ ಸಲವೂ ಹಾಗೇ ಅಳಿಸಿಹೋಗಿತ್ತು.

ಹೋಸ್ಟ್‌ನ ಲಾಗ್ ನೋಡಿದ್ದೀಯಾ ಅಂತ ಕೇಳಿದೆ. ಇಲ್ಲ ಅಂದ. ವೆಬ್ ಪರದೆಯಲ್ಲಿ ಸ್ಟಾರ್ಟ್, ಸ್ಟಾಪ್ ಮಾಡುವಷ್ಟು ಅಧಿಕಾರ ಮಾತ್ರ ಅವನಿಗಿತ್ತು. ರೂಟ್ ಪಾಸ್‌ವರ್ಡ್ ಅರಗು ಹಾಕಿದ ಲಕೋಟೆಯಲ್ಲಿ ಮೇಡಂ ಬೀರುವಿನಲ್ಲಿತ್ತು. ಸುರಕ್ಷತೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಲಾಗ್ ಓದುವ ಕನಿಷ್ಠ ಅವಕಾಶವೂ ಅವನಿಗೆ ಇಲ್ಲದೆ ಹೋಗಿತ್ತು. ಮೇಡಂ ಲಕೋಟೆ ತಂದು ನನ್ನ ಎದುರೇ ಒಡೆದರು.

ಮೊದಲು ಹೋಸ್ಟ್ ಯಾವಾಗ ಯಾವಾಗ ಬೂಟ್ ಆಗಿದೆ ಅಂತ ನೋಡಿದೆ. ಜೂನ್‌ನಿಂದ ಈಚೆಗೆ ಇವರೇ ಕೈಯಾರೆ ಮಾಡಿದ ರೀಸ್ಟಾರ್ಟ್ ಬಿಟ್ಟರೆ ಬೇರೆ ಇಲ್ಲ. ಕರೆಂಟಿನ ಅನುಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಜರ್ನಲ್‌ನಲ್ಲಿ, ಅಂದರೆ ಹೋಸ್ಟ್‌ನ ಲಾಗ್‌ನಲ್ಲಿ, ಕರ್ನಲ್ (ಲಿನಕ್ಸ್‌ನ ತಿರುಳು) ಬರೆದ ಸಾಲುಗಳನ್ನು ಮಾತ್ರ ತೆಗೆದು, ಔಟ್ ಆಫ್ ಮೆಮೊರಿ ಅಂತ ಹುಡುಕಿದೆ. ಪರದೆ ತುಂಬಿತು. ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್, ಒಂದು ನಂಬರು, ಪಕ್ಕದಲ್ಲಿ ಹೆಸರು ಕೆವಿಎಂ. ಅದರ ಕೆಳಗೇ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯ ಸಾಲು: 101 ಸ್ಕೋಪ್‌ನ ಒಂದು ಪ್ರೋಸೆಸ್ಸನ್ನು ಓಓಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಕೊಂದಿದೆ. ನಂಬರಿನ ಸಮೇತ ಬರೆದಿಟ್ಟಿತ್ತು. ಒಟ್ಟು 11 ಸಲ. ಹನ್ನೊಂದೂ 101. ಅದರಲ್ಲಿ ಒಂಬತ್ತು ಸಂಜೆ ಆರರಿಂದ ಆರೂ ಇಪ್ಪತ್ತರೊಳಗೆ. ಉಳಿದೆರಡು ತಿಂಗಳ ಕೊನೆಯ ರಾತ್ರಿ, ಬಡ್ಡಿ ಹಾಕುವಾಗ.

ಹುಡುಗ ಬಹಳ ಹೊತ್ತು ಆ ಪರದೆಯನ್ನೇ ನೋಡುತ್ತಿದ್ದ. "ಇದು ಇಲ್ಲೇ ಇತ್ತಾ ಸಾರ್?" ಅಂದ.

ಬಲಿಯಾದವನೇ ಅಪರಾಧಿ ಅಲ್ಲ

ಲಿನಕ್ಸ್‌ನಲ್ಲಿ ಮೆಮೊರಿ ಪೂರ್ತಿ ಖಾಲಿಯಾಗಿ, ಎಲ್ಲಿಂದಲೂ ಬಿಡಿಸಿಕೊಳ್ಳಲು ಆಗದಿದ್ದರೆ, ಇಡೀ ಯಂತ್ರ ನಿಲ್ಲುವ ಬದಲು ಕರ್ನಲ್ ಯಾವುದೋ ಒಂದು ಪ್ರೋಸೆಸ್ಸನ್ನು ಕೊಲ್ಲುತ್ತದೆ. ಯಾವುದನ್ನು? ಪ್ರತಿ ಪ್ರೋಸೆಸ್‌ಗೂ ಒಂದು ಅಂಕ ಇರುತ್ತದೆ. ಹೆಚ್ಚು ಮೆಮೊರಿ ಹಿಡಿದವನಿಗೆ ಹೆಚ್ಚು ಅಂಕ. ಅತಿ ಹೆಚ್ಚು ಅಂಕದವನು ಹೋಗುತ್ತಾನೆ. ತಪ್ಪು ಯಾರದು ಅಂತ ಅದು ವಿಚಾರಿಸುವುದಿಲ್ಲ. ಹೋಸ್ಟ್ ಕಣ್ಣಿಗೆ ಒಂದು ವಿಎಂ ಅಂದರೆ ಒಂದು ಪ್ರೋಸೆಸ್ ಅಷ್ಟೇ. ಐದರಲ್ಲಿ ದಪ್ಪಗಿದ್ದದ್ದು ವಿಂಡೋಸ್. 28ಕ್ಕೆ ಏರಿಸಿದ ಮೇಲೆ ಇನ್ನೂ ದಪ್ಪಗಾಯಿತು. ಒಂದು ಕಡೆ ಕೊರತೆ ಹೆಚ್ಚಿತು, ಇನ್ನೊಂದು ಕಡೆ ಅದೇ ಬಲಿಯಾಗುವುದು ಇನ್ನಷ್ಟು ಖಾತ್ರಿಯಾಯಿತು.

ಹಾಗಾದರೆ ಮೆಮೊರಿ ಹೋಗುತ್ತಿದ್ದದ್ದು ಎಲ್ಲಿಗೆ? ಮೇ ತಿಂಗಳಲ್ಲಿ ಇವರು ಹಾಕಿದ ಲೆಕ್ಕ ಹೀಗಿತ್ತು: ಐದೂ ಸೇರಿ 48, ಪೆಟ್ಟಿಗೆಯಲ್ಲಿ 64, ಇನ್ನೂ 16 ಉಳಿದಿದೆ. ಕೂಡಿಸಿದ್ದು ಸರಿಯೇ. ಆದರೆ ಮನೆಯಲ್ಲಿ ಇನ್ನೊಬ್ಬರಿದ್ದರು. ಝೆಡ್‌ಎಫ್‌ಎಸ್ ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೆ ಆರ್ಕ್ ಅಂತ ಹೆಸರು. ಇವರ ಸರ್ವರ್‌ನಲ್ಲಿ ಆರ್ಕ್‌ನ ಮಿತಿ ಒಟ್ಟು ಮೆಮೊರಿಯ ಅರ್ಧ, ಅಂದರೆ 31 ಜಿಬಿ ದಾಟಿತ್ತು. ಪ್ರಾಕ್ಸ್‌ಮಾಕ್ಸ್ 8.1ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಈ ಮಿತಿ ಶೇ. 10 ಮಾತ್ರ, ಅದೂ 16 ಜಿಬಿ ಮೀರುವುದಿಲ್ಲ. ಆದರೆ ಇದು 7ರ ಕಾಲದಲ್ಲಿ ಹಾಕಿದ್ದು, ಆಮೇಲೆ 8ಕ್ಕೆ ಅಪ್‌ಗ್ರೇಡ್ ಮಾಡಿದ್ದು. ಅಪ್‌ಗ್ರೇಡ್ ಮಾಡಿದವರಿಗೆ ಹೊಸ ಮಿತಿ ತಾನಾಗಿ ಬರುವುದಿಲ್ಲ. ನಾವೇ ಹಾಕಿಕೊಳ್ಳಬೇಕು.

ಹುಡುಗ ಇಲ್ಲಿ ಒಂದು ಒಳ್ಳೆಯ ಮಾತು ಹೇಳಿದ. ಹೋಸ್ಟ್ ಮೆಮೊರಿ ಶೇ. 90 ದಾಟಿದ್ದನ್ನು ಅವನು ಜೂನ್‌ನಲ್ಲೇ ನೋಡಿದ್ದ. ಆದರೆ ಎಲ್ಲರೂ ಹೇಳುವ ಹಾಗೆ, ಲಿನಕ್ಸ್ ಖಾಲಿ ಮೆಮೊರಿಯನ್ನು ಸುಮ್ನೆ ಬಿಡುವುದಿಲ್ಲ, ಕ್ಯಾಶ್‌ಗೆ (ಡಿಸ್ಕಿನಿಂದ ಓದಿದ್ದನ್ನು ತಾತ್ಕಾಲಿಕವಾಗಿ ಇಡಲು) ಬಳಸುತ್ತದೆ, ಬೇಕಾದಾಗ ಬಿಡುತ್ತದೆ, ಹೆದರಬೇಡ ಅಂತ ಅವನಿಗೂ ಹೇಳಿದ್ದರು. ಸಾಮಾನ್ಯ ಫೈಲ್ ಕ್ಯಾಶ್‌ಗೆ ಆ ಮಾತು ನಿಜ. ಆರ್ಕ್ ಹಾಗಲ್ಲ. ಮೆಮೊರಿ ಲೆಕ್ಕ ತೋರಿಸುವ ಫ್ರೀ ಕಮಾಂಡ್‌ನಲ್ಲಿ ಅದು ಕ್ಯಾಶ್ ಕಾಲಂನಲ್ಲಿ ಬರುವುದಿಲ್ಲ, ಬಳಕೆಯಾದ ಮೆಮೊರಿಯಲ್ಲೇ ಸೇರಿರುತ್ತದೆ. ಒತ್ತಡ ಬಂದಾಗ ಅದೂ ಬಿಟ್ಟುಕೊಡುತ್ತದೆ. ಆದರೆ ಕೇಳಿದಷ್ಟು ಬೇಗ ಯಾವಾಗಲೂ ಬಿಡುವುದಿಲ್ಲ.

ಈಗ ಸಂಜೆಯ ಹೊತ್ತನ್ನು ನೋಡಿ. ನಾನು ನೋಡಿದ ದಿನ ಬೆಳಗ್ಗೆ ವಿಎಂಗಳೆಲ್ಲ ಸೇರಿ ನಿಜವಾಗಿ ಹಿಡಿದದ್ದು 45 ಜಿಬಿ ಹತ್ತಿರ, ಆರ್ಕ್ 13. ಹೋಸ್ಟ್‌ಗೆ ಉಸಿರಾಡಲು ಉಳಿದದ್ದು ನಾಲ್ಕೈದು ಜಿಬಿ. 5:45ಕ್ಕೆ ಬ್ಯಾಕಪ್ ಶುರು. ಅದು ವಿಎಂಗಳ ಡಿಸ್ಕನ್ನು ತಲೆಯಿಂದ ಬಾಲದವರೆಗೆ ಓದುತ್ತದೆ. ಓದಿದ್ದೆಲ್ಲ ಆರ್ಕ್‌ಗೆ ನುಗ್ಗುತ್ತದೆ. ಆರು ಗಂಟೆಗೆ ಪಿಗ್ಮಿ ಏಜೆಂಟರು ಒಟ್ಟಿಗೆ ಮೆಷಿನ್ ಇಳಿಸುತ್ತಾರೆ. ಬೆಳಗ್ಗೆಯಿಂದ ಒಂದೂವರೆ ಜಿಬಿಯಲ್ಲಿ ತೆಪ್ಪಗಿದ್ದ ಪಿಗ್ಮಿ ವಿಎಂ ಒಮ್ಮೆಲೇ ತನ್ನ ಪಾಲಿನ ಉಳಿದ ನಾಲ್ಕು ಚಿಲ್ಲರೆ ಜಿಬಿ ಕೇಳುತ್ತದೆ. ಅದಕ್ಕೆ ಕೊಡಲು ಇಲ್ಲ. ಆರೂ ಹತ್ತಕ್ಕೆ ವಿಂಡೋಸ್ ಬೀಳುತ್ತದೆ.

ರೀಸ್ಟಾರ್ಟ್ ಮಾಡಿದರೆ ಎರಡು ದಿನ ಸರಿ ಇದ್ದದ್ದೂ ಇದರಿಂದಲೇ. ವಿಎಂಗೆ 16 ಜಿಬಿ ಅಂತ ಬರೆದ ಕೂಡಲೇ ಹೋಸ್ಟ್ ಅಷ್ಟನ್ನೂ ಎತ್ತಿಕೊಡುವುದಿಲ್ಲ. ಗೆಸ್ಟ್ ಮುಟ್ಟಿದಷ್ಟನ್ನು ಮಾತ್ರ ಕೊಡುತ್ತದೆ. ವಿಂಡೋಸ್ ಖಾಲಿ ಪುಟಗಳಿಗೆಲ್ಲ ಸೊನ್ನೆ ತುಂಬುವ ಕಾರಣ ಎದ್ದ ಸ್ವಲ್ಪ ಹೊತ್ತಿಗೇ ತನ್ನ ಪಾಲು ಪೂರ್ತಿ ಹಿಡಿಯುತ್ತದೆ. ಲಿನಕ್ಸ್ ಡೇಟಾಬೇಸ್ ದಿನ ಕಳೆದಂತೆ ನಿಧಾನವಾಗಿ ತುಂಬುತ್ತದೆ. ಅದು ತುಂಬುವವರೆಗೆ ಎಲ್ಲರಿಗೂ ಜಾಗ ಇರುತ್ತಿತ್ತು.

ಮಾಡಿದ್ದು, ಬೇಡ ಅಂದದ್ದು

ಮೇಡಂ ಅಷ್ಟು ಹೊತ್ತಿಗೆ ಇನ್ನೂ 64 ಜಿಬಿ ಮೆಮೊರಿ ತರಿಸಲು ಸಹಿ ಹಾಕಲು ತಯಾರಿದ್ದರು. ಸ್ವಲ್ಪ ತಡೆಯಿರಿ ಅಂದೆ. ಮಿತಿ ಹಾಕದೆ ಮೆಮೊರಿ ತಂದರೆ ಆರ್ಕ್‌ನ ಅರ್ಧವೂ ದೊಡ್ಡದಾಗುತ್ತದೆ. ಒಂದಷ್ಟು ತಿಂಗಳು ಸುಮ್ಮನಿದ್ದು, ಆರನೇ ವಿಎಂ ಬಂದ ದಿನ ಮತ್ತೆ ಇದೇ ಕಥೆ ಶುರುವಾಗಬಹುದು.

ವಿಂಡೋಸ್ ಒಳಗೆ ಒಂದು ವಾರದ ಬಳಕೆ ನೋಡಿದೆವು. ಎಷ್ಟೇ ಜನ ಲಾಗಿನ್ ಆಗಿದ್ದರೂ 13 ಜಿಬಿ ದಾಟಿರಲಿಲ್ಲ. ಅದನ್ನು 28ರಿಂದ 16ಕ್ಕೆ ಇಳಿಸಿದೆವು. ಸಿಬ್ಬಂದಿಗೆ ಇದು ಇಷ್ಟವಾಗಲಿಲ್ಲ. ಬೀಳುತ್ತಿರುವ ಸರ್ವರ್‌ಗೆ ಮೆಮೊರಿ ಕಡಿಮೆ ಮಾಡುತ್ತಾರಾ ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕೂತು ಲೆಕ್ಕ ತೋರಿಸಿದೆ.

ಆರ್ಕ್‌ಗೆ 8 ಜಿಬಿ ಮಿತಿ ಹಾಕಿದೆವು. ಇದನ್ನು ಓಡುತ್ತಿರುವಾಗಲೂ ಬದಲಿಸಬಹುದು, ಆದರೆ ರೀಬೂಟ್ ಆದರೆ ಹೋಗುತ್ತದೆ. ಉಳಿಯಬೇಕಾದರೆ ಮಾಡ್‌ಪ್ರೋಬ್ ಫೋಲ್ಡರಿನ ಝೆಡ್‌ಎಫ್‌ಎಸ್ ಫೈಲಿನಲ್ಲಿ ಬೈಟ್ ಲೆಕ್ಕದಲ್ಲಿ 8589934592 ಅಂತ ಬರೆಯಬೇಕು. ರೂಟ್ ಡಿಸ್ಕೇ ಝೆಡ್‌ಎಫ್‌ಎಸ್ ಆಗಿದ್ದರೆ ಇನಿಟ್‌ರ್‍ಯಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಓದುವ ಫೈಲ್) ಕೂಡ ಹೊಸದು ಮಾಡಬೇಕು. ಬಹಳ ಜನ ಈ ಕೊನೆಯ ಹೆಜ್ಜೆ ಬಿಡುತ್ತಾರೆ. ಮುಂದಿನ ರೀಬೂಟ್‌ಗೆ ಹಳೆಯ ಮಿತಿಯೇ ಬಂದಿರುತ್ತದೆ, ಮಿತಿ ಹಾಕಿದರೂ ಕೆಲಸ ಮಾಡಲಿಲ್ಲ ಅಂದುಕೊಳ್ಳುತ್ತಾರೆ.

ಬ್ಯಾಕಪ್ಪನ್ನು ಬೆಳಗಿನ ಜಾವ ಒಂದೂವರೆಗೆ ಸರಿಸಿದೆವು. ತಿಂಗಳ ಕೊನೆಯ ರಾತ್ರಿ ಮಾತ್ರ ಬಡ್ಡಿ ಕೆಲಸ ಮುಗಿದ ಮೇಲೆ, ನಾಲ್ಕಕ್ಕೆ.

ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಹಾಕೋಣವಾ ಅಂತ ಹುಡುಗ ಕೇಳಿದ. ಝೆಡ್‌ಎಫ್‌ಎಸ್ ಮೇಲೆ ಇನ್‌ಸ್ಟಾಲ್ ಮಾಡಿದಾಗ ಪ್ರಾಕ್ಸ್‌ಮಾಕ್ಸ್ ಸ್ವಾಪ್ ಮಾಡಿರುವುದಿಲ್ಲ. ಝೆಡ್‌ಎಫ್‌ಎಸ್ ಒಳಗೇ ಸ್ವಾಪ್ ಇಟ್ಟರೆ, ಮೆಮೊರಿ ಬಿಗಿಯಾದ ಹೊತ್ತಿನಲ್ಲಿ ಇಡೀ ಹೋಸ್ಟೇ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ. ಒಂದು ವಿಎಂ ಬೀಳುವುದಕ್ಕಿಂತ ಅದು ಕೆಟ್ಟದ್ದು. ಬೇಡ ಅಂದೆ. ಬಲೂನಿಂಗ್ (ಓಡುತ್ತಿರುವ ವಿಎಂನಿಂದ ಮೆಮೊರಿ ಹಿಂದಕ್ಕೆ ಪಡೆಯುವ ವ್ಯವಸ್ಥೆ) ಬಗ್ಗೆಯೂ ಮಾತಾಡಿದೆವು. ಲೆಕ್ಕವೇ ಕೂಡಿಬಂದ ಮೇಲೆ ಇನ್ನೊಂದು ಚಲಿಸುವ ಭಾಗ ಯಾಕೆ ಅಂತ ಬಿಟ್ಟೆವು.

ಕೊನೆಗೆ ಲೆಕ್ಕ ಹೀಗೆ ನಿಂತಿತು. ವಿಎಂಗಳೆಲ್ಲ ಸೇರಿ 44, ಆರ್ಕ್ 8, ಒಟ್ಟು 52. ಉಳಿದದ್ದು ಹೋಸ್ಟ್‌ಗೆ. ಈ ಕೂಡಿಕೆಯನ್ನು ರಿಜಿಸ್ಟರ್‌ನ ಮೊದಲ ಪುಟದಲ್ಲೇ ಬರೆದೆವು. ಮುಂದೆ ಹೊಸ ವಿಎಂ ಬಂದರೆ ಮೊದಲು ಆ ಪುಟ ತಿದ್ದಬೇಕು.

ಹನ್ನೆರಡನೇ ದಿನ

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನ್ ಬಂತು. "ಸಾರ್, ಮತ್ತೆ ಹೋಯ್ತು."

ಎದೆ ಧಸಕ್ಕೆಂದಿತು. ಸಂಘದವರು ನನ್ನ ಮಾತು ನಂಬಿ ಹೊಸ ಸರ್ವರ್ ಖರೀದಿ ನಿಲ್ಲಿಸಿದ್ದರು. ಆದರೆ ಹುಡುಗ ಮಾತು ಮುಂದುವರಿಸಿದ. "101 ಅಲ್ಲ ಸಾರ್, 103. ಫೈಲ್ ಸರ್ವರ್. ನಿಂತಿಲ್ಲ. ಹಳದಿ ತ್ರಿಕೋನ ಬಂದಿದೆ, ಐಓ ಎರರ್ ಅಂತಿದೆ. ನಾನು ಏನೂ ಒತ್ತಿಲ್ಲ. ಬರೆದುಕೊಂಡಿದ್ದೇನೆ."

ಮೊದಲಾಗಿದ್ದರೆ ಅವನು ಅಷ್ಟೊತ್ತಿಗೆ ರೀಸೆಟ್ ಒತ್ತಿರುತ್ತಿದ್ದ. ಒತ್ತದೇ ಇದ್ದದ್ದರಿಂದ ಆ ದಿನ ಒಂದು ಫೈಲೂ ಹಾಳಾಗಲಿಲ್ಲ.

ಬರೆಯಲು ಹೋದಾಗ ಜಾಗ ಇಲ್ಲ ಅಂತ ಉತ್ತರ ಬಂದರೆ ಕ್ಯೂಇಎಂಯು, ಅಂದರೆ ವಿಎಂ ಓಡಿಸುವ ಪ್ರೋಗ್ರಾಂ, ಆ ವಿಎಂಅನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಬರೆಯಬೇಕಾದದ್ದು ಅದರ ಕೈಯಲ್ಲೇ ಇರುತ್ತದೆ. ಜಾಗ ಮಾಡಿಕೊಟ್ಟು ಮುಂದುವರಿ ಅಂದರೆ, ಬಿಟ್ಟಲ್ಲಿಂದ ಬರೆದು ಹೋಗುತ್ತದೆ. ರೀಸೆಟ್ ಮಾಡಿದರೆ ಕೈಯಲ್ಲಿದ್ದದ್ದು ಹೋಗುತ್ತದೆ.

ಎಲ್‌ವಿಎಸ್ ಅನ್ನುವ ಕಮಾಂಡ್ ಓಡಿಸಿ ನೋಡಿದರೆ ಥಿನ್ ಪೂಲ್‌ನ ಡೇಟಾ ಕಾಲಂ 100 ತೋರಿಸುತ್ತಿತ್ತು. ಪೂಲ್ ಇದ್ದದ್ದು 930 ಜಿಬಿ ಹತ್ತಿರ. ಹಂಚಿದ್ದು ಎರಡು ಡಿಸ್ಕ್ ಸೇರಿ 1,200. ಥಿನ್ ಅಂದರೆ ಹಾಗೆಯೇ, ಇರುವುದಕ್ಕಿಂತ ಜಾಸ್ತಿ ಮಾತು ಕೊಡಬಹುದು. ಎಲ್ಲರೂ ಒಟ್ಟಿಗೆ ಕೇಳದಿರುವ ತನಕ ನಡೆಯುತ್ತದೆ. ಪತ್ತಿನ ಸಂಘದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಲಿಲ್ಲ. ಠೇವಣಿ, ಸಾಲದ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಜಾಗ ತಿಂದದ್ದು ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕ್ ಒಂದು ಕ್ಷಣದಲ್ಲಿ ಇದ್ದ ಸ್ಥಿತಿಯ ಪ್ರತಿ. ಮೇ ತಿಂಗಳಲ್ಲಿ ಏನೋ ಅಪ್‌ಡೇಟ್ ಮಾಡುವ ಮುಂಚೆ, ಒಂದು ದಿನ ಇರಲಿ ಅಂತ ತೆಗೆದದ್ದು. ಮೂರು ತಿಂಗಳಿಂದ ಬದಲಾದ ಪ್ರತಿ ಬ್ಲಾಕಿನ ಹಳೆಯ ಪ್ರತಿಯನ್ನು ಅದು ಹಿಡಿದಿಟ್ಟುಕೊಂಡೇ ಇತ್ತು. ಇದರ ಜೊತೆಗೆ ಡಿಸ್ಕಿಗೆ ಡಿಸ್ಕಾರ್ಡ್ (ಅಳಿಸಿದ ಜಾಗವನ್ನು ಪೂಲ್‌ಗೆ ಮರಳಿಸುವ ಆಯ್ಕೆ) ಹಾಕಿರಲಿಲ್ಲ. ಫೈಲ್ ಸರ್ವರ್ ಒಳಗೆ ಫೈಲ್ ಅಳಿಸಿದರೂ ಪೂಲ್‌ಗೆ ಜಾಗ ಹಿಂದಿರುಗುತ್ತಿರಲಿಲ್ಲ.

ಮೊದಲು ಪೂಲ್‌ನ ಮೆಟಾಡೇಟಾ (ಯಾವ ಬ್ಲಾಕ್ ಎಲ್ಲಿದೆ ಅನ್ನುವ ಲೆಕ್ಕ) ಕಾಲಂ ನೋಡಿದೆ. ಅದೂ ತುಂಬಿದ್ದರೆ ಕೈ ಹಾಕುವುದು ಬೇರೆ ಕಥೆ. ಇಲ್ಲಿ ಅರ್ಧದ ಮೇಲಿತ್ತು ಅಷ್ಟೇ. ಆ ದಿನ ಬೆಳಗಿನ ಜಾವದ ಬ್ಯಾಕಪ್ ಸರಿಯಾಗಿ ಮುಗಿದಿದೆ ಅಂತ ಖಾತ್ರಿ ಮಾಡಿಕೊಂಡೆ. ಆಮೇಲೆ ಸ್ನ್ಯಾಪ್‌ಶಾಟ್ ಅಳಿಸಿದೆವು. ಡೇಟಾ ಕಾಲಂ 100ರಿಂದ 74ಕ್ಕೆ ಇಳಿಯಿತು. ರೆಸ್ಯೂಮ್ ಒತ್ತಿದೆವು. ಯಾರೋ ಅರ್ಧಕ್ಕೆ ನಿಲ್ಲಿಸಿದ್ದ ಸ್ಕ್ಯಾನ್ ಪುಟ ಮುಂದಕ್ಕೆ ಹೋಗಿ ಸೇವ್ ಆಯಿತು. ಆ ಸಂಜೆ ಡಿಸ್ಕಾರ್ಡ್ ಹಾಕಿ, ವಿಎಂ ಪೂರ್ತಿ ನಿಲ್ಲಿಸಿ ಎಬ್ಬಿಸಿ, ಒಳಗಿನಿಂದ ಟ್ರಿಮ್ ಮಾಡಿ ಖಾಲಿ ಜಾಗ ಬಿಡಿಸಿದ ಮೇಲೆ ಇನ್ನೂ ಒಂದಷ್ಟು ಜಾಗ ಬಂತು. ಪೂಲ್ ಶೇ. 80 ದಾಟಿದರೆ ಹುಡುಗನಿಗೂ ಮೇಡಂಗೂ ಮೇಲ್ ಹೋಗುವಂತೆ ಮಾಡಿದೆವು.

ಇಲ್ಲಿ ನನ್ನದೂ ಒಂದು ತಪ್ಪಿದೆ. ಮೊದಲ ದಿನವೇ ನಾನು ಥಿನ್ ಪೂಲ್ ನೋಡಬೇಕಿತ್ತು. ಓಓಎಂ ಸಾಲುಗಳು ಸಿಕ್ಕ ಕೂಡಲೇ ಕಾರಣ ಸಿಕ್ಕಿತು ಅಂತ ಹುಡುಕುವುದನ್ನು ನಿಲ್ಲಿಸಿದೆ. ಒಂದು ಕಾರಣ ಸಿಕ್ಕರೆ ಇನ್ನೊಂದು ಇಲ್ಲ ಅಂತ ಅರ್ಥವಲ್ಲ. ಈಗ ನಾನು ಯಾವ ಹೋಸ್ಟ್‌ಗೆ ಹೋದರೂ ಮೆಮೊರಿಯ ಕೂಡಿಕೆ, ಪೂಲ್‌ನ ಎರಡೂ ಕಾಲಂ, ಹಳೆಯ ಸ್ನ್ಯಾಪ್‌ಶಾಟ್‌ಗಳ ಪಟ್ಟಿ, ಹಾರ್ಡ್‌ವೇರ್ ತಪ್ಪಿನ ಲಾಗ್ ಇವಿಷ್ಟನ್ನೂ ನೋಡದೆ ಏಳುವುದಿಲ್ಲ. ಹತ್ತು ನಿಮಿಷದ ಕೆಲಸ.

ಲಕೋಟೆಯ ಬಗ್ಗೆಯೂ ಒಂದು ತೀರ್ಮಾನ ಆಯಿತು. ರೂಟ್ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆಯಲ್ಲಿ ಬೀರುವಿಗೇ ಹೋಯಿತು. ಆದರೆ ಹುಡುಗನಿಗೆ ಹೋಸ್ಟ್‌ನಲ್ಲಿ ಲಾಗ್ ಓದಲು ಮಾತ್ರ ಆಗುವ ಒಂದು ಲಾಗಿನ್ ಮಾಡಿಕೊಟ್ಟೆವು. ಏನನ್ನೂ ಬದಲಿಸಲು ಆಗದು, ನೋಡಲು ಮಾತ್ರ. ಇಡೀ ಪ್ರಕರಣದಲ್ಲಿ ಹೆಚ್ಚು ಕೆಲಸಕ್ಕೆ ಬಂದ ಬದಲಾವಣೆ ಇದೇ ಅಂತ ನನ್ನ ಅಭಿಪ್ರಾಯ.

ಅಕ್ಟೋಬರ್‌ನ ನಮೂದು

ಅಕ್ಟೋಬರ್‌ನಲ್ಲಿ ಆಡಿಟ್ ಸಮಯದ ಒಂದು ಬೆಳಗ್ಗೆ ಮತ್ತೆ 101 ಹೋಯಿತು. ಈ ಸಲ ನನಗೆ ಫೋನ್ ಬಂದದ್ದು ಅರ್ಧ ಗಂಟೆ ಆದ ಮೇಲೆ, ಎಲ್ಲ ಮುಗಿದ ಮೇಲೆ. ಹುಡುಗ ರಿಜಿಸ್ಟರ್ ನೋಡಿ ಓದಿದ: "ಹತ್ತೂ ಇಪ್ಪತ್ತು. 101. ಹೋಸ್ಟ್‌ನಲ್ಲಿ ಓಡುತ್ತಿತ್ತು, ಒಳಗೆ ಮಾತ್ರ ರೀಬೂಟ್. ಹೋಸ್ಟ್ ಲಾಗ್‌ನಲ್ಲಿ ಓಓಎಂ ಇಲ್ಲ, ಪೂಲ್ 61. ಈವೆಂಟ್ 41ರಲ್ಲಿ ಬಗ್‌ಚೆಕ್ 0 ಅಲ್ಲ, ಪಕ್ಕದಲ್ಲಿ ನೀಲಿ ಪರದೆಯ ನಮೂದು 1001 ಇದೆ. ನಿನ್ನೆ ರಾತ್ರಿ ಹಾಕಿದ ಪ್ರಿಂಟರ್ ಡ್ರೈವರ್ ತೆಗೆದೆ."

ಸರಿಯಾಗಿದೆ ಅಂದೆ. ನಾನು ಅಲ್ಲಿಗೆ ಹೋಗಬೇಕಾಗಲಿಲ್ಲ.